ನಾಲ್ಕು ಜನ ಕಾಣೆ, ಇಬ್ಬರ ಸುದ್ದಿ ಮಾತ್ರ: ಪತ್ತೇದಾರಿ ಕಾದಂಬರಿ ಬರೆದ ನನ್ನ ಅನುಭವ

ಕಾದಂಬರಿಯಲ್ಲಿ ನಾಲ್ಕು ಜನ ಕಾಣೆಯಾಗುತ್ತಾರೆ, ಕೊನೆಗೆ ಇಬ್ಬರ ಸುದ್ದಿ ಮಾತ್ರ ಸಿಗುತ್ತದೆ ಅಂದಾಗ ನನ್ನ ಗೆಳೆಯರೆಲ್ಲ ಬೇಡ ಅಂದಿದ್ದರು. "ಪತ್ತೇದಾರಿಯಲ್ಲಿ ಪತ್ತೆ ಆಗದಿದ್ರೆ ಓದುಗ ಪುಸ್ತಕ ಎಸೀತಾನೆ" ಅಂದವರೂ ಇದ್ದರು. ಅಚ್ಚು ಹಾಕಿಸಿದ್ದು 1000 ಪ್ರತಿ. 14 ತಿಂಗಳಾಗಿದೆ. ಈಗ ಮನೆಯಲ್ಲಿ ಉಳಿದಿರುವುದು 110 ಪ್ರತಿ. ಸಕಲೇಶಪುರದಲ್ಲಿ ಕೂತು, ಸ್ವಂತ ದುಡ್ಡಲ್ಲಿ ಮಾಡಿದ ಕೆಲಸ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು 22 ವರ್ಷ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವನು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಮುಂಗಡದ ಪುಸ್ತಕ, ಮಳೆ ಲೆಕ್ಕ, ಇವೇ ನನ್ನ ಬರವಣಿಗೆ. ಆಳುಗಳು ಬರುತ್ತಾರೆ, ಹೋಗುತ್ತಾರೆ. ಕೆಲವರ ಹೆಸರಿನ ಮುಂದೆ ಒಂದು ದಿನ ಗೈರು ಬೀಳುತ್ತದೆ, ಆಮೇಲೆ ಬೀಳುತ್ತಲೇ ಇರುತ್ತದೆ. ಮುಂದಿನ ತಿಂಗಳ ಚೆಕ್‌ರೋಲ್‌ನಲ್ಲಿ ಆ ಹೆಸರೇ ಇರುವುದಿಲ್ಲ. ಮುಂಗಡ ಬಾಕಿ ಇದ್ದರೆ ಮಾತ್ರ ಹುಡುಕುತ್ತೇವೆ. ಆ ಹೆಸರುಗಳು ನನ್ನನ್ನು ಬಹಳ ವರ್ಷ ಕಾಡಿದವು. ಕಾದಂಬರಿ ಶುರುವಾಗಿದ್ದು ಅಲ್ಲಿಂದ.

2016ರಲ್ಲಿ ಬರೆದ ಮೊದಲ ಪ್ರತಿ 410 ಪುಟ ಇತ್ತು. ಬೆಂಗಳೂರಿನಿಂದ ಒಬ್ಬ ಪತ್ತೇದಾರ ಬರುತ್ತಾನೆ, ಎಲ್ಲರನ್ನೂ ಕೇಳುತ್ತಾನೆ, ಎಲ್ಲರೂ ಹೇಳುತ್ತಾರೆ. ಬರೆದು ಮುಗಿಸಿ ಓದಿದರೆ ಒಂದು ಪುಟವೂ ನಂಬುವ ಹಾಗಿರಲಿಲ್ಲ. ಲೈನ್ ಮನೆಯ (ತೋಟದ ಆಳುಗಳ ಸಾಲು ಮನೆಯ) ಹೆಂಗಸು ಗುರುತಿಲ್ಲದವನ ಹತ್ತಿರ ಮೊದಲ ದಿನವೇ ಮನೆ ವಿಷಯ ಹೇಳ್ತಾಳಾ? ನೀರು ಕೊಟ್ಟು ಕಳಿಸ್ತಾಳೆ, ಅಷ್ಟೇ. ಎರಡು ವರ್ಷದ ಕೆಲಸ ಅಟ್ಟ ಸೇರಿತು.

ಎರಡನೇ ಪ್ರತಿಯಲ್ಲಿ ಸಬ್ ಇನ್‌ಸ್ಪೆಕ್ಟರನ್ನೇ ನಾಯಕ ಮಾಡಿದೆ. ಅದನ್ನು ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರಿಗೆ ಓದಲು ಕೊಟ್ಟೆ. ಮೂರು ವಾರ ಇಟ್ಟುಕೊಂಡು, ಪುಟಕ್ಕೊಂದು ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. "ಕಾಣೆ ಕೇಸಲ್ಲಿ ನಾವು ಮೊದಲು ಭೂತಗನ್ನಡಿ ಹಿಡಿಯಲ್ಲ ಸ್ವಾಮಿ. ಫೋಟೋ ತನ್ನಿ ಅಂತೀವಿ. ಯಾರ ಮೇಲಾದ್ರೂ ಅನುಮಾನ ಇದೆಯಾ ಅಂತೀವಿ. ಆಮೇಲೆ ಬೇರೆ ಠಾಣೆಗಳಿಗೆ ತಿಳಿಸಿ, ಅಪರಿಚಿತ ಶವ ಸಿಕ್ಕಿದೆಯಾ ನೋಡ್ತೀವಿ. ಪೇಪರಿಗೆ ಪ್ರಕಟಣೆ ಕೊಡ್ತೀವಿ" ಅಂದರು. ಆ ಪ್ರಕಟಣೆ ಅನ್ನುವ ಮಾತು ನನ್ನ ತಲೆಯಲ್ಲಿ ಕೂತಿತು.

ಮೂರನೇ ಸಲ ಕಥೆ ಬರೆಯಲಿಲ್ಲ. ನಾಲ್ಕು ಪ್ರಕಟಣೆ ಬರೆದೆ. ನೀವೂ ಪೇಪರಿನ ಮೂಲೆಯಲ್ಲಿ ನೋಡಿರುತ್ತೀರಿ. "ವಯಸ್ಸು 34, ಎತ್ತರ 5.4 ಅಡಿ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ಕಾಣೆಯಾದಾಗ ನೀಲಿ ಅಂಗಿ, ಬಿಳಿ ಪಂಚೆ ಧರಿಸಿದ್ದರು. ಕನ್ನಡ, ತುಳು ಮಾತನಾಡುತ್ತಾರೆ." ಆರು ಸಾಲಲ್ಲಿ ಒಬ್ಬ ಮನುಷ್ಯ. ಒಂದೊಂದನ್ನೂ ಹತ್ತಿಪ್ಪತ್ತು ಸಲ ತಿದ್ದಿದ್ದೇನೆ. ಕಾದಂಬರಿಯ ನಾಲ್ಕು ಭಾಗಗಳು ಈ ನಾಲ್ಕು ಪ್ರಕಟಣೆಗಳಿಂದಲೇ ಶುರುವಾಗುತ್ತವೆ.

ಆಮೇಲೆ ಪ್ರತಿಯೊಬ್ಬರಿಗೂ ಒಂದು ಉದ್ದ ಹಾಳೆ ಮಾಡಿದೆ. ಕೊನೆಗೆ ನೋಡಿದವರು ಯಾರು, ದೂರು ಕೊಟ್ಟವರು ಯಾರು, ಅದೆಲ್ಲ ಎಲ್ಲರೂ ಮಾಡುವುದೇ. ನಾನು ಸೇರಿಸಿದ್ದು ಒಂದೇ ಕಾಲಂ: "ಕೇಳೋದು ಯಾವಾಗ ನಿಲ್ಲಿಸಿದರು?" ಹಳ್ಳಿಯಲ್ಲಿ ಒಬ್ಬ ಕಾಣೆಯಾದರೆ ಮೊದಲ ವಾರ ಊರೆಲ್ಲ ಕೇಳುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟದ ಕೆಲಸ ಶುರುವಾದರೆ ಅರ್ಧ ಜನ ನಿಲ್ಲಿಸುತ್ತಾರೆ. ತಮ್ಮ ಎರಡು ವರ್ಷ ಕೇಳುತ್ತಾನೆ. ಹೆಂಡತಿ ಐದು ಸಲ ಠಾಣೆಗೆ ಹೋಗುತ್ತಾಳೆ. ಆರನೇ ಸಲ ಹೋಗುವುದಿಲ್ಲ. ಯಾಕೆ? ಏನೋ ಗೊತ್ತಿರೋದಕ್ಕಾ, ಅಥವಾ ಬಸ್ ಚಾರ್ಜಿಗೆ ದುಡ್ಡಿಲ್ಲದೆ, ಒಂದು ದಿನದ ಕೂಲಿ ಹೋಗುತ್ತೆ ಅಂತಲಾ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ನನ್ನ ಕಾದಂಬರಿಯ ಅನುಮಾನ ಎಲ್ಲ ಓಡಾಡುವುದು ಆ ಜಾಗದಲ್ಲಿ. ಸುಳ್ಳು ಸುಳಿವು ಅಂತ ಬೇರೆ ತುರುಕುವ ಕೆಲಸವೇ ಬೀಳಲಿಲ್ಲ. ಪತ್ತೆ ಹಚ್ಚುವವನೂ ಹೊರಗಿನವನಲ್ಲ, ತೋಟದ ರೈಟರ್. ಅವನ ಕೈಯಲ್ಲಿ ಲೆಕ್ಕದ ಪುಸ್ತಕಗಳಿವೆ, ಅಷ್ಟು ಸಾಕು.

ಕಾಲ 1995ರಿಂದ 2002. ಅದಕ್ಕೆ ಕಾರಣ ಇದೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ನಮ್ಮ ಕಾಫಿಗೆ ಬೆಲೆ ಬಂತು, ಎಲ್ಲರ ಕೈಯಲ್ಲೂ ದುಡ್ಡು ಓಡಾಡಿತು. 2001ರ ಹೊತ್ತಿಗೆ ಬೆಲೆ ಪಾತಾಳಕ್ಕೆ ಹೋಗಿ ಎಲ್ಲರೂ ಸಾಲದಲ್ಲಿದ್ದರು. 1996ರಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಮೀಟರ್ ಗೇಜ್ ರೈಲು ನಿಂತಿತು. ಮತ್ತೆ ಪ್ಯಾಸೆಂಜರ್ ರೈಲು ಬಂದಿದ್ದು 2007ರಲ್ಲಿ. ನಡುವೆ ಅಷ್ಟು ವರ್ಷ ಆ ಘಾಟಿಯಲ್ಲಿ ಜನ ಹಳಿ ಮೇಲೆ ನಡೆದು ಹೋಗುತ್ತಿದ್ದರು. 57 ಸುರಂಗ. ನಾನೂ ದೋಣಿಗಾಲ್‌ನಿಂದ ಯಡಕುಮರಿ ತನಕ ನಡೆದಿದ್ದೇನೆ. ಸುರಂಗದ ನಡುವೆ ಹಿಂದಿನವನ ಹೆಜ್ಜೆ ಸದ್ದು ಮುಂದಿನಿಂದ ಬಂದ ಹಾಗೆ ಕೇಳುತ್ತದೆ. ಅದನ್ನು ಹಾಗೇ ಎತ್ತಿ ಎರಡನೇ ಭಾಗಕ್ಕೆ ಹಾಕಿದೆ.

ಇನ್ನೊಂದು ಕಾರಣ ಏಳು ವರ್ಷದ ಲೆಕ್ಕ. ಏಳು ವರ್ಷ ಸುದ್ದಿ ಇಲ್ಲದವನನ್ನು ಕಾನೂನು ಸತ್ತವನೆಂದು ಊಹಿಸುತ್ತದೆ. ಆಗ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಇತ್ತು. 2024ರ ಜುಲೈನಲ್ಲಿ ಹೊಸ ಕಾಯ್ದೆ ಬಂದರೂ ಏಳು ವರ್ಷ ಹಾಗೇ ಉಳಿದಿದೆ. ನನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹಾಸನದ ಒಬ್ಬ ವಕೀಲರು ಹೇಳಿದರು. ಸತ್ತ ಅಂತ ಊಹಿಸಬಹುದು, ಆದರೆ ಯಾವತ್ತು ಸತ್ತ ಅಂತ ಊಹಿಸುವ ಹಾಗಿಲ್ಲ. ತಾರೀಕು ಬೇಕಾದವನು ಸಾಬೀತು ಮಾಡಬೇಕು. ಅಲ್ಲಿಗೆ ನನ್ನ ಗಂಟು ಬಿಚ್ಚಿತು. ಆಸ್ತಿಗಾಗಿ ತಾರೀಕು ಬೇಕಾದ ಮನುಷ್ಯನೇ ನನ್ನ ಮೂರನೇ ಭಾಗದ ಕೇಂದ್ರ.

ಆ ತಾರೀಕು ಸಿಕ್ಕಿಬೀಳುವುದು ಮಳೆ ಪುಸ್ತಕದಲ್ಲಿ. ತೋಟದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಎಂಟಕ್ಕೆ ಮಾಪಕದ ನೀರು ಅಳೆದು "2 ಇಂಚು 40 ಸೆಂಟ್" ಅಂತ ಬರೆಯುತ್ತೇವೆ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಆದರೆ ಆ ಮಳೆ ಬಿದ್ದಿದ್ದು ಹಿಂದಿನ ದಿನ, ರಾತ್ರಿ. ಕೆಲವು ರೈಟರ್‌ಗಳು ಅಳೆದ ದಿನದ ತಾರೀಕಿಗೆ ಬರೆಯುತ್ತಾರೆ, ಕೆಲವರು ಹಿಂದಿನ ದಿನಕ್ಕೆ. ಪಕ್ಕಪಕ್ಕದ ಎರಡು ತೋಟದ ಪುಸ್ತಕ ಒಟ್ಟಿಗೆ ಇಟ್ಟರೆ ಮಳೆ ಒಂದು ದಿನ ಜರುಗಿರುತ್ತದೆ. "ಅವತ್ತು ಹಳ್ಳ ದಾಟೋಕೆ ಆಗ್ತಿರಲಿಲ್ಲ" ಅಂತ ಸಾಕ್ಷಿ ಹೇಳಿದವನ ಮಾತು ಅಲ್ಲೇ ಬಿತ್ತು. ಇಂಥ ಸುಳಿವನ್ನು ಕನ್ನಡದಲ್ಲಿ ಯಾರೂ ಬಳಸಿದ್ದು ನಾನಂತೂ ಓದಿಲ್ಲ. ಅದನ್ನು ಓದುಗನ ಕಣ್ಣೆದುರೇ ಇಟ್ಟು, 130 ಪುಟ ಅವನಿಗೆ ಕಾಣದ ಹಾಗೆ ಮಾಡಿದ್ದು ಹೇಗೆ ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಇಲ್ಲಿ ಹೇಳುವುದಿಲ್ಲ. ಮುಂದಿನ ಪುಸ್ತಕಕ್ಕೂ ಬೇಕು.

ಪ್ರಯೋಗಗಳ ಬಗ್ಗೆ ಸ್ವಲ್ಪ ಹೇಳಬೇಕು. ಪಲ್ಪರ್ (ಕಾಫಿ ಹಣ್ಣು ಸುಲಿಯುವ ಯಂತ್ರ) ಸಿಪ್ಪೆಯ ಗುಂಡಿಯಲ್ಲಿ ಬಟ್ಟೆ ಎಷ್ಟು ದಿನ ಉಳಿಯುತ್ತದೆ ಅಂತ ತಿಳಿಯಬೇಕಿತ್ತು. ಜನವರಿಯಲ್ಲಿ ಒಂದು ಹತ್ತಿ ಅಂಗಿ, ಒಂದು ಟೆರಿಲಿನ್ (ಪಾಲಿಯೆಸ್ಟರ್) ಅಂಗಿ, ಒಂದು ಹವಾಯಿ ಚಪ್ಪಲಿ ಹೂತಿಟ್ಟೆ. ಮೊದಲ ವಾರಗಳಲ್ಲಿ ಗುಂಡಿಗೆ ಕೈ ಇಟ್ಟರೆ ಸುಡುತ್ತಿತ್ತು, ಬೆಳಿಗ್ಗೆ ಹಬೆ ಏಳುತ್ತಿತ್ತು. ಆಗಸ್ಟ್‌ನಲ್ಲಿ, ಮಳೆಯಲ್ಲೇ ತೆಗೆದೆ. ಹತ್ತಿ ಅಂಗಿ ಕೈಗೆ ಸಿಗಲಿಲ್ಲ, ಅದರ ಬಟನ್‌ಗಳು ಮಾತ್ರ ಸಿಕ್ಕವು. ಚಪ್ಪಲಿ ತೊಳೆದರೆ ಹಾಕಿಕೊಳ್ಳುವ ಹಾಗಿತ್ತು. ಟೆರಿಲಿನ್ ಅಂಗಿ ಕಂದು ಬಣ್ಣಕ್ಕೆ ತಿರುಗಿತ್ತು, ಬಟ್ಟೆ ಗಟ್ಟಿ ಇತ್ತು. ಆದರೆ ಕಾಲರ್ ಬೇರೆ, ತೋಳು ಬೇರೆ, ಜೇಬು ಬೇರೆ! ಹೊಲಿದ ದಾರ ಹತ್ತಿಯದು, ಅದು ಕರಗಿ ಹೋಗಿತ್ತು. ಗುಂಡಿ ಪಕ್ಕದಲ್ಲಿ ಆ ತೋಳನ್ನು ಕೈಯಲ್ಲಿ ಹಿಡಿದು ನಿಂತಾಗ ನನ್ನ ಮೈ ಜುಮ್ಮೆಂದಿತು. ಕಾದಂಬರಿಯಲ್ಲಿ ಪೊಲೀಸರು ಯಾರೋ ಚಾಕುವಿನಿಂದ ಕತ್ತರಿಸಿದ್ದಾರೆ ಅಂತ ತಿಳಿಯುತ್ತಾರೆ. ನಿಜ ಹೇಳುವವನು ಊರಿನ ದರ್ಜಿ.

ಜುಲೈ ಮಳೆಯಲ್ಲಿ ಶೀಟಿನ ಮನೆಯೊಳಗೆ ಕೂತವರಿಗೆ ಹೊರಗಿನ ಕೂಗು ಎಷ್ಟು ದೂರದಿಂದ ಕೇಳುತ್ತದೆ ಅಂತಲೂ ನೋಡಿದೆ. ಮಗನನ್ನು ಅಂಗಳದಾಚೆ ನಿಲ್ಲಿಸಿ ಕೂಗಿಸಿದೆ. ಸುಮಾರು 40 ಅಡಿ ದಾಟಿದರೆ ಏನೂ ಕೇಳಲ್ಲ. ಹೆಂಚಿನ ಮನೆಯಲ್ಲಿ ಸ್ವಲ್ಪ ಜಾಸ್ತಿ. ಅದು ಒಂದೇ ಒಂದು ವಾಕ್ಯಕ್ಕೆ ಬಳಕೆಯಾಯಿತು, ಪರವಾಗಿಲ್ಲ.

ಸಲಹೆಗಳು ಬೇಕಾದಷ್ಟು ಬಂದವು. ಆನೆ ಹಾಕಿ ಅಂದರು. ಆಲೂರು, ಸಕಲೇಶಪುರ ಅಂದರೆ ಆನೆ ಇಲ್ಲದೆ ಹೇಗೆ ಅಂತ. ಆನೆ ಹೆಜ್ಜೆ, ಲದ್ದಿ ಇದೆ, ಆದರೆ ಯಾರ ಸಾವಿಗೂ ಆನೆಯನ್ನು ಕಾರಣ ಮಾಡಲಿಲ್ಲ. ಆನೆ ಹೆಣ ಬಚ್ಚಿಡುವುದಿಲ್ಲ. ಶೆಟ್ಟಿಹಳ್ಳಿ ಚರ್ಚನ್ನು ಮುಖಪುಟಕ್ಕೆ ಹಾಕಿ ಅಂದವರು ಕನಿಷ್ಠ ಹತ್ತು ಜನ. ಹೇಮಾವತಿಗೆ ಬಿದ್ದದ್ದು ಗೊರೂರಿನ ಹಿನ್ನೀರಿಗೆ ಹೋಗಿ ಸೇರುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಚರ್ಚು ಎದ್ದು ನಿಲ್ಲುತ್ತದೆ, ಎಲ್ಲ ಸರಿ. ಆದರೆ ಅದು ಈಗಾಗಲೇ ಎಲ್ಲರ ಮೊಬೈಲ್‌ನಲ್ಲಿದೆ. ನನ್ನ ಮುಖಪುಟದಲ್ಲಿ ಇರುವುದು ಚೆಕ್‌ರೋಲ್‌ನ ಒಂದು ಹಾಳೆ.

ಈಗ ದುಡ್ಡಿನ ಮಾತು. ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು 11 ತಿಂಗಳು ಇಟ್ಟುಕೊಂಡು, ಕೊನೆಗೆ 40 ಸಾವಿರ ಕೊಟ್ಟರೆ ಹಾಕುತ್ತೇವೆ, ಆದರೆ ನಾಲ್ಕೂ ಕೇಸ್ ಬಗೆಹರಿಸಿ ಅಂದರು. ವಾಪಸ್ ತಂದೆ. ಡೆಮಿ ಸೈಜು, 264 ಪುಟ, 1000 ಪ್ರತಿಗೆ ಕಾಗದ, ಅಚ್ಚು, ಬೈಂಡಿಂಗ್ ಸೇರಿ 88 ಸಾವಿರದ ಹತ್ತಿರ. ಡಿಟಿಪಿ, ಪ್ರೂಫ್ 12 ಸಾವಿರ, ಮುಖಪುಟ 6 ಸಾವಿರ. ಒಟ್ಟು 1 ಲಕ್ಷದ 6 ಸಾವಿರ. 'ನುಡಿ' ತಂತ್ರಾಂಶದಲ್ಲಿ ಬರೆದಿದ್ದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡಿಗೆ ತಿರುಗಿಸಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. 'ಮೇಸ್ತ್ರಿ' ಅನ್ನುವ ಪದ ಪುಸ್ತಕದಲ್ಲಿ ಮುನ್ನೂರು ಸಲ ಬರುತ್ತದೆ, ಮುನ್ನೂರು ಸಲವೂ ಮುರಿದಿತ್ತು. ಕೈಯಲ್ಲೇ ತಿದ್ದಿದೆ. ನೀವು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ.

ಬೆಲೆ 290 ಇಟ್ಟೆ. ಅಂಗಡಿಯವರಿಗೆ 40 ಪರ್ಸೆಂಟ್ ಬಿಟ್ಟು 430 ಪ್ರತಿ ಹೋಯಿತು. ಒಂದು ಅಂಗಡಿಯಿಂದ 14 ಸಾವಿರ ಇನ್ನೂ ಬಂದಿಲ್ಲ. ನಾನೇ ಕೈಯಾರೆ 250ರಂತೆ ಮಾರಿದ್ದು 400. ಅದರಲ್ಲಿ 70 ಪ್ರತಿಯಾದರೂ ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆಯ ತೋಟದ ರೈಟರ್‌ಗಳೇ ತೆಗೆದುಕೊಂಡರು. ಗೊಬ್ಬರದ ಅಂಗಡಿ, ಟೀ ಅಂಗಡಿ, ಕ್ಯಾಂಟೀನು, ಎಲ್ಲ ಕಡೆ ಇಟ್ಟೆ. ಎಲ್ಲಕ್ಕಿಂತ ಜಾಸ್ತಿ ಹೋಗಿದ್ದು ಇನ್ನೊಂದು ಜಾಗದಲ್ಲಿ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. 60 ಪ್ರತಿ ಸುಮ್ನೆ ಹಂಚಿದೆ. ಅಂಚೆ, ಪೆಟ್ರೋಲು ಎಲ್ಲ ಕಳೆದು ಕೈಗೆ ಉಳಿದದ್ದು 40 ಸಾವಿರದ ಆಸುಪಾಸು. ಮೊದಲ ಕಾದಂಬರಿಗೆ ಇದು ಸಣ್ಣದಲ್ಲ.

ಬಗೆಹರಿಯದ ಇಬ್ಬರ ಬಗ್ಗೆ ಬೈದು ಫೋನ್ ಮಾಡಿದವರು ನಾಲ್ಕೈದು ಜನ ಇರಬಹುದು. ಅದಕ್ಕಿಂತ ಹೆಚ್ಚು ಜನ, ನಮ್ಮ ಊರಲ್ಲೂ ಹೀಗೇ ಒಬ್ಬರು ಹೋದರು ಅಂತ ಹೇಳಲು ಫೋನ್ ಮಾಡಿದರು. ಕಳೆದ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಕಡೆಯಿಂದ ಒಬ್ಬ ಹೆಂಗಸು ಬಸ್ಸಿನಲ್ಲಿ ನಮ್ಮ ಮನೆಗೇ ಬಂದರು. ಅರವತ್ತು ದಾಟಿದವರು. ಪುಸ್ತಕದೊಳಗೆ ಒಂದು ಹಳೇ ಪೇಪರ್ ತುಂಡು ಇಟ್ಟುಕೊಂಡಿದ್ದರು, ಅವರ ತಮ್ಮನ ಪ್ರಕಟಣೆ. ಕಾಫಿ ಕುಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಹೇಳಿದರು: "ನೀವು ಎಲ್ಲಾ ಸರಿಯಾಗಿ ಬರ್ದಿದೀರ. ಒಂದು ಮಾತ್ರ ಹಾಗಲ್ಲ. ಅವನು ಹೋದ ದಿನ ಏನು ಹಾಕ್ಕೊಂಡಿದ್ದ ಅಂತ ನಮಗೆ ಯಾರಿಗೂ ನೆನಪಿರ್ಲಿಲ್ಲ. ಸ್ಟೇಷನ್ನಲ್ಲಿ ಕೇಳಿದ್ರು. ಏನಾದ್ರೂ ಹೇಳ್ಬೇಕಲ್ಲ ಅಂತ ನಾನು ನೀಲಿ ಅಂಗಿ ಅಂದೆ. ಮನೆಗೆ ಬಂದು ನೋಡಿದ್ರೆ ನೀಲಿ ಅಂಗಿ ಗೂಟದಲ್ಲೇ ಇತ್ತು. ಮತ್ತೆ ಹೋಗಿ ಹೇಳೋಕೆ ಧೈರ್ಯ ಆಗ್ಲಿಲ್ಲ."

ಎರಡನೇ ಮುದ್ರಣ 500 ಪ್ರತಿ ಈಗ ಅಚ್ಚಿಗೆ ಹೋಗಿದೆ. ಅವರನ್ನು ಕೇಳಿ, ಒಪ್ಪಿಗೆ ಪಡೆದು, ನಾಲ್ಕನೇ ಭಾಗಕ್ಕೆ ಒಂದೂವರೆ ಪುಟ ಸೇರಿಸಿದ್ದೇನೆ. ಪ್ರಕಟಣೆಯಲ್ಲಿ ನೀಲಿ ಅಂಗಿ ಹಾಗೇ ಇದೆ. ಗೂಟದಲ್ಲೂ ಇದೆ.