ಹಗ್ಗ ಬಿಟ್ಟು ಸ್ಕೋಪ್ ಹಿಡಿದೆವು

ಸೀಲ್ ಎಂಬ ಕಡಲ ಪ್ರಾಣಿಯನ್ನು ನೋಡಲು ಬಂದವರಿಗೆ ದೂರದಿಂದಲೇ ಅದರ ಮೀಸೆ ಎಣಿಸುವಷ್ಟು ಚೆನ್ನಾಗಿ ತೋರಿಸಿಬಿಟ್ಟರೆ, ಬಹುತೇಕರು ಅದರ ಹತ್ತಿರ ಹೋಗುವುದಿಲ್ಲ. ಕಡಲತೀರದಲ್ಲಿ ಸೀಲ್ ಕಾಯುವ ನನ್ನ ವಿಧಾನ ಇಷ್ಟೇ. ಮೊದಲು ಹೇಳಿದಾಗ, ಇನ್ನಷ್ಟು ಜನ ಮುಗಿಬೀಳುತ್ತಾರೆ ಎಂದು ನಮ್ಮ ಸ್ವಯಂಸೇವಕರೇ ನಕ್ಕಿದ್ದರು. ಈಗ ಸ್ಕೋಪ್ (ಟ್ರೈಪಾಡ್ ಮೇಲಿಡುವ ದೂರದರ್ಶಕ) ಪಾಳಿಗೆ ಅವರಲ್ಲೇ ಪೈಪೋಟಿ.

ಜಾಗ ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯ ವಿಂಟರ್ಟನ್. ಪಕ್ಕದ ಹಾರ್ಸಿಯಂತೆ ಇಲ್ಲಿಯೂ ಬೂದು ಸೀಲ್‌ಗಳು ಈಯುತ್ತವೆ. ಈಯುವ ಕಾಲ ನವೆಂಬರ್‌ನಿಂದ ಜನವರಿ. ಕ್ರಿಸ್ಮಸ್ ರಜೆಯ ಜನ, ನಾಯಿ, ಮೊಬೈಲ್ ಎಲ್ಲವೂ ಆಗಲೇ ಬರಬೇಕು. ಹುಟ್ಟಿದಾಗ 14 ಕಿಲೋ ಇರುವ ಮರಿ ಮೂರು ವಾರದೊಳಗೆ 40 ಕಿಲೋ ದಾಟಬೇಕು. ನಡುವೆ ತಾಯಿ ಬೆದರಿ ನೀರಿಗಿಳಿದರೆ ಹಾಲು ತಪ್ಪಿತು.

ಜನರನ್ನು ದೂರವಿಡುವ ಗೂಟ, ಹಗ್ಗಕ್ಕೆಂದು ಮೊದಲ ಚಳಿಗಾಲ ಸುಮಾರು 200 ಪೌಂಡ್ ಸುರಿದೆವು. ಒಂದೇ ಬಿರುಗಾಳಿಯ ಉಬ್ಬರಕ್ಕೆ ಅರ್ಧ ಗೂಟ ಸಮುದ್ರಪಾಲು. ಉಳಿದರ್ಧವನ್ನು ದಿನಾ ಬೆಳಿಗ್ಗೆ ಕಿತ್ತು ನೆಡಬೇಕಿತ್ತು, ಏಕೆಂದರೆ ರಾತ್ರಿ ಮರಿಗಳು ಹಗ್ಗದ ಈಚೆ ಬಂದು ಮಲಗುತ್ತಿದ್ದವು. ಎಚ್ಚರಿಕೆ ಫಲಕಕ್ಕೆ ಇನ್ನೊಂದು 80 ಪೌಂಡ್ ಹೋಯಿತು. ಅದಕ್ಕೇ ಒರಗಿ ನಿಂತು ಸೆಲ್ಫಿ ತೆಗೆದುಕೊಂಡವರಿದ್ದಾರೆ! ಹಳದಿ ಜಾಕೆಟ್ ತೊಟ್ಟು ಗದರಿದರೆ ವಾದ ಬೆಳೆಯುತ್ತಿತ್ತು, ಸೀಲ್ ಇನ್ನಷ್ಟು ಬೆದರುತ್ತಿತ್ತು.

ಹಳೆಯ ಸ್ಪಾಟಿಂಗ್ ಸ್ಕೋಪ್ ಒಂದನ್ನು 150 ಪೌಂಡ್ ಆಸುಪಾಸಿಗೆ ಕೊಂಡೆ. ಓರೆ ಐಪೀಸ್ (ಕಣ್ಣಿಡುವ ತುದಿ) ಇರುವುದೇ ಬೇಕು. 20 ಪಟ್ಟು ಹಿಗ್ಗಿಸಿ ತೋರಿಸಿದರೆ ಸಾಕು, ಆ ಗಾಳಿಗೆ ಹೆಚ್ಚಿನದು ನಡುಗುತ್ತದೆ. ಟ್ರೈಪಾಡ್‌ಗೆ ಮರಳಿನ ಚೀಲ ತೂಗುಹಾಕಿ. ಸ್ಕೋಪನ್ನು ಹಗ್ಗದ ಬಳಿ ಇಡಬೇಡಿ; ಮರಳದಿಬ್ಬದಿಂದ ದಾರಿ ಇಳಿಯುವಲ್ಲಿ, ಬರಿಗಣ್ಣಿಗೆ ಸೀಲ್ ಕಾಣುವ ಮುನ್ನವೇ ಇಡಿ. ಎತ್ತರ ಮಕ್ಕಳ ಕಣ್ಣಿಗೆ ಸರಿಹೊಂದಬೇಕು. ಮಗು ನಿಂತರೆ ಮನೆಮಂದಿಯೆಲ್ಲ ನಿಲ್ಲುತ್ತಾರೆ. ಆದರೆ ನಿಜವಾಗಿ ಗೆಲ್ಲಿಸಿದ್ದು ಮೊಬೈಲನ್ನು ಸ್ಕೋಪಿಗೆ ಕೂರಿಸುವ 15 ಪೌಂಡಿನ ಅಡಾಪ್ಟರ್. ಚೌಕಟ್ಟು ತುಂಬ ಮರಿಯ ಮುಖವಿರುವ ಫೋಟೋ ಜೇಬಿಗಿಳಿದ ಮೇಲೆ ಹತ್ತರಲ್ಲಿ ಎಂಟು ಜನ ತಾವಾಗಿಯೇ ಹಿಂದಿರುಗುತ್ತಾರೆ. ಉಳಿದಿಬ್ಬರನ್ನು ನಿಲ್ಲಿಸಲು ನಾನು ಕೇಳುವ ಪ್ರಶ್ನೆಯೊಂದಿದೆ. ಅದು ನನ್ನ ಪಾಳಿಗೆ ಬಂದವರಿಗಷ್ಟೇ.

ಈ ಫೋಟೋಗಳಿಂದಲೇ ಮರಿಗಳ ಎಣಿಕೆಗೂ ಕೈಹಾಕಿದ್ದೆ. ಇಬ್ಬರು ಎಣಿಸಿದರೆ ಎರಡು ಲೆಕ್ಕ. ದಿಬ್ಬದ ಹಿಂದೆ ಮಲಗಿದವು ಯಾರಿಗೂ ಸಿಗುತ್ತಿರಲಿಲ್ಲ. ಕೈಬಿಟ್ಟೆ. ಆದರೆ ಒಂದು ಫೋಟೋದಲ್ಲಿ ಹೆಣ್ಣು ಸೀಲಿನ ಕುತ್ತಿಗೆಗೆ ಕಚ್ಚಿಕೊಂಡಿದ್ದ ಪ್ಲಾಸ್ಟಿಕ್ ರಿಂಗ್ ಕಾಣಿಸಿತು, ಮಕ್ಕಳು ಎಸೆದಾಡುವಂಥದ್ದು. ಫೋಟೋವನ್ನು ರಕ್ಷಣಾ ತಂಡಕ್ಕೆ ಕಳಿಸಿದೆವು. ದೊಡ್ಡ ಸೀಲ್ ಹಿಡಿಯುವುದು ನಮ್ಮಂಥವರ ಕೆಲಸವಲ್ಲ. ಅಂದಿನಿಂದ ಬೇಸಿಗೆಯಲ್ಲಿ ಮಕ್ಕಳ ರಿಂಗ್ ಪಡೆದು ಎಸೆದಾಡಲು ತೂತಿಲ್ಲದ ತಟ್ಟೆ ಕೊಡುತ್ತೇನೆ. ತಟ್ಟೆಗೆ ಎರಡು ಪೌಂಡ್, ನನ್ನದೇ ಜೇಬು. ಹೆಂಡತಿಗೆ ಈ ಲೆಕ್ಕ ಪೂರ್ತಿ ಗೊತ್ತಿಲ್ಲ.

ಹೊನ್ನಾವರದಲ್ಲಿ ಕಡಲಾಮೆ ಮೊಟ್ಟೆ ಕಾಯುವ ಗೆಳೆಯರೊಬ್ಬರು ಇದು ತಮಗೂ ಆದೀತೇ ಎಂದು ಕೇಳಿದರು. ಆಮೆ ಮೇಲೇರುವುದು ಕತ್ತಲಲ್ಲಿ, ಸ್ಕೋಪ್ ದಂಡ. ಜನರನ್ನು ಮಾತಾಡಿಸುವ ಜಾಗವನ್ನು ಗೂಡಿನಿಂದ ದಾರಿಯ ಬಾಯಿಗೆ ತನ್ನಿ ಎಂದೆ; ಅದಕ್ಕೆ ಖರ್ಚೂ ಇಲ್ಲ.