ಮೀನು ಲಾರಿಯ ಚಾಸಿಗೆ ತುಕ್ಕು: ಕೆಲಸ ಮೇ ತಿಂಗಳಲ್ಲೇ ಮುಗಿಸಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿಗೆ ರಜೆ, ನಮ್ಮ ಮೀನು ಲಾರಿಗಳಿಗೂ ರಜೆ. ಹೇಗೂ ಗಾಡಿ ನಿಂತಿದೆಯಲ್ಲ ಎಂದು ಹೆಚ್ಚಿನವರು ಅಡಿಭಾಗಕ್ಕೆ ಪೇಂಟ್ ಹೊಡೆಸುವುದು ಆಗಲೇ. ನಾನೂ ನಾಲ್ಕು ವರ್ಷ ಹಾಗೇ ಮಾಡಿದೆ. ಐದನೇ ವರ್ಷ ಆಯುಧಪೂಜೆಗೆ ಗಾಡಿ ತೊಳೆಯುವಾಗ ನೋಡಿದರೆ ಚಾಸಿಯ (ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು) ಕರಿ ಪೇಂಟ್ ಕಾವಲಿ ಬಿಟ್ಟ ನೀರುದೋಸೆಯ ಹಾಗೆ ಅಂಚು ಎತ್ತಿಕೊಂಡಿತ್ತು. ಉಗುರು ಹಾಕಿ ಎಳೆದೆ, ಅಂಗೈಯಗಲದ ಹಾಳೆ ಕಿತ್ತು ಬಂತು. ಹಿಂಬದಿ ಒದ್ದೆ. ಬೆರಳಲ್ಲಿ ಒರೆಸಿ ನಾಲಿಗೆಗೆ ತಾಗಿಸಿದೆ (ಕ್ಲೀನರ್ ಹುಡುಗ ಮುಖ ಸಿಂಡರಿಸಿದ, ಇರಲಿ). ಉಪ್ಪು!

ಮಳೆಗಾಲದಲ್ಲಿ ಅಡುಗೆಮನೆಯ ಭರಣಿಯಲ್ಲಿ ಉಪ್ಪು ನೀರೊಡೆಯುತ್ತದಲ್ಲ, ಚಾಸಿಯ ಮೇಲೆ ಆಗುವುದೂ ಅದೇ. ಗಾಳಿಯ ತೇವ ಶೇ 75 ದಾಟಿದರೆ ಉಪ್ಪು ತಾನಾಗಿಯೇ ಕರಗಿ ನಿಲ್ಲುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ಹೊತ್ತು) ನಮ್ಮಲ್ಲಿ ಗಾಳಿ ಅದಕ್ಕಿಂತ ಒಣಗುವುದೇ ಅಪರೂಪ. ಗಾಡಿ ಓಡದೆ ನಿಂತಿದ್ದರೂ ಕಬ್ಬಿಣ ತಿನ್ನುವ ಕೆಲಸ ನಿಲ್ಲುವುದಿಲ್ಲ. ಅದರ ಮೇಲೆ ಪೇಂಟ್ ಬಳಿದರೆ ಉಪ್ಪುನೀರನ್ನು ಒಳಗಿಟ್ಟು ಮುಚ್ಚಳ ಹಾಕಿದಂತೆ.

ಹಾಗಾಗಿ ಈಗ ಮೇ ಎರಡನೇ ವಾರ ನಾಲ್ಕು ದಿನದ ಬಾಡಿಗೆ ಕಳೆದುಕೊಂಡು ಕೆಲಸ ಮುಗಿಸುತ್ತೇನೆ. ಸೀಸನ್ ಬಾಡಿಗೆ ಕಳೆದುಕೊಳ್ಳುವಾಗ ಹೊಟ್ಟೆ ಉರಿಯುತ್ತದೆ, ಹೌದು.

ಮೊದಲು ತೊಳೆಯುವುದು. ಪೇಂಟಿಗಿಂತ ಇದೇ ದೊಡ್ಡದು ಎಂದು ನನ್ನ ಲೆಕ್ಕ. ಯಾವ ನೀರು ಎಂದು ನೋಡಿಕೊಳ್ಳಿ: ಕಡಲ ಬದಿಯ ಎಷ್ಟೋ ಬಾವಿಗಳ ನೀರು ಬೇಸಿಗೆಯ ಕೊನೆಗೆ ಉಪ್ಪಾಗಿರುತ್ತದೆ. ಅದರಲ್ಲಿ ತೊಳೆದರೆ ತೆಗೆದ ಉಪ್ಪನ್ನು ತಿರುಗಿ ಬಳಿದ ಹಾಗೆ. ನಾನು ಬೆಂಗಳೂರಿಗೆ ಲೋಡ್ ಇಳಿಸಿ ವಾಪಸ್ ಬರುವಾಗ ಹಾಸನದ ಹತ್ತಿರ ಸಿಹಿನೀರಿನಲ್ಲಿ ತೊಳೆಸುತ್ತೇನೆ, ವರ್ಷವಿಡೀ, ಎರಡು ಟ್ರಿಪ್ಪಿಗೊಮ್ಮೆ. ಪ್ರೆಶರ್ ಪೈಪ್ ಹಿಡಿದ ಹುಡುಗ ಕಾಣುವ ಜಾಗಕ್ಕೆ ಹೊಡೆದು ಮುಗಿಸುತ್ತಾನೆ. ಪಕ್ಕದಲ್ಲಿ ನಿಂತು ಹೇಳಿ ಹೊಡೆಸಬೇಕು: ಚಾಸಿಯ ಒಳಮಗ್ಗುಲಿನ ಕೆಳಪಟ್ಟಿ, ಕ್ರಾಸ್ ಮೆಂಬರ್ (ಚಾಸಿಯ ಎರಡು ಬದಿಯನ್ನು ಕೂಡಿಸುವ ಅಡ್ಡಪಟ್ಟಿ) ಸೇರುವ ಮೂಲೆ, ಸ್ಟೆಪ್ನಿ ಮೇಲ್ಭಾಗ, ಡೀಸೆಲ್ ಟ್ಯಾಂಕಿನ ಬೆಲ್ಟಿನ ಅಡಿ. ಒಳಪಟ್ಟಿಯಲ್ಲಿ ಮಣ್ಣು, ಮೀನಿನ ಹುರುಪೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಹಾಗೆ ಕೂತಷ್ಟು ದಿನ ಕಬ್ಬಿಣ ಒಣಗುವುದಿಲ್ಲ.

ತೊಳೆದ ಮೇಲೆ ಪೂರ್ತಿ ಒಂದು ದಿನ ಬಿಸಿಲಿಗೆ ಬಿಡಿ. ಆಮೇಲೆ ಚಕ್ರಕ್ಕೆ ಕಟ್ಟೆ ಕೊಟ್ಟು ಸಣ್ಣ ಸುತ್ತಿಗೆ ಹಿಡಿದು ಅಡಿಗೆ ಹೋಗಿ. ಒಳ್ಳೆ ಕಬ್ಬಿಣ ಟಣ್ ಎನ್ನುತ್ತದೆ. ಡಬ್ ಎಂದು ಸತ್ತ ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಎರಡು ಪ್ಲೇಟ್ ಕೂಡಿಸಿದಲ್ಲಿ ನಡುವೆ ಉಬ್ಬಿದೆಯೇ ನೋಡಿ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ, ರಿವೆಟನ್ನೂ ಎಳೆದು ಹಾಕುತ್ತದೆ. ಅಂಥದ್ದಕ್ಕೆ ಪೇಂಟ್ ಮದ್ದಲ್ಲ, ಚಾಸಿ ಕೆಲಸದವರಿಗೆ ತೋರಿಸಿ. ಬ್ರಾಕೆಟ್ ಕೂರಿಸಲೆಂದು ಚಾಸಿಯ ಮೇಲು-ಕೆಳ ಪಟ್ಟಿಗೆ ತೂತು ಕೊರೆಯಲು ಮಾತ್ರ ಯಾರಿಗೂ ಬಿಡಬೇಡಿ.

ಸಿಪ್ಪೆ ಏಳುವ ತುಕ್ಕನ್ನು ಸುತ್ತಿಗೆಯಲ್ಲಿ ಉದುರಿಸಿ, ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಎಷ್ಟು ಉಜ್ಜಿದರೂ ಗುಳಿಯೊಳಗೆ ಕೆಂಪು ಉಳಿದರೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ) ಬಳಿಯಿರಿ, ಕಪ್ಪಾಗುತ್ತದೆ. ಬಳಿಕ ಎಪಾಕ್ಸಿ ಪ್ರೈಮರ್ ಎರಡು ಕೈ, ಅದರ ಮೇಲೆ ಚಾಸಿ ಬ್ಲ್ಯಾಕ್. ರೆಡ್ ಆಕ್ಸೈಡ್ (ಮಾಮೂಲಿ ಕೆಂಪು ಪ್ರೈಮರ್) ಒಂದನ್ನೇ ಬಳಿದು ಬಿಡುವುದೆಂದರೆ ಬನಿಯನ್ ಹಾಕಿಕೊಂಡು ಮಳೆಗೆ ಹೊರಟಂತೆ. ಬ್ರೇಕ್ ಹೋಸ್, ಡ್ರಮ್, ಗ್ರೀಸ್ ನಿಪ್ಪಲ್, ಎಬಿಎಸ್ ಸೆನ್ಸರ್ ಇವಕ್ಕೆ ಮೊದಲೇ ಪೇಪರ್ ಸುತ್ತಿ ಟೇಪ್ ಹಾಕಿ. ಬ್ಯಾಟರಿಯ ಅರ್ತ್ ವೈರ್ ಚಾಸಿಗೆ ತಾಗುವ ಬೋಲ್ಟಿನ ಅಡಿಯಲ್ಲಿ ಪೇಂಟ್ ಬೇಡ. ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಮೆತ್ತಿ.

ಹಳಬರು ಕರಿ ಆಯಿಲ್ (ಎಂಜಿನ್ನಿನಿಂದ ಇಳಿಸಿದ ಹಳೇ ಆಯಿಲ್) ಸ್ಪ್ರೇ ಮಾಡಿಸಿ ಎನ್ನುತ್ತಾರೆ. ನಾನು ಬಿಟ್ಟಿದ್ದೇನೆ. ಅದು ರಬ್ಬರ್ ಬುಷ್ ಉಬ್ಬಿಸಿ ಹಾಳು ಮಾಡುತ್ತದೆ, ಮೊದಲ ಮಳೆಗೇ ಇಳಿದು ಪಕ್ಕದ ಗದ್ದೆಗೆ ಹೋಗುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿವರ್ಷ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಎಂಬ ಸರ್ಟಿಫಿಕೇಟ್) ಆಗಬೇಕು. ಅದರ ಹಿಂದಿನ ದಿನ ತುಕ್ಕಿನ ಮೇಲೇ ಕಪ್ಪು ಬಳಿದು ತರುವವರೂ ಇದ್ದಾರೆ. ಎಫ್‌ಸಿ ಸಿಕ್ಕೀತು, ಘಾಟಿ ಇಳಿಯುವಾಗ ಲೋಡ್ ಹೊರಬೇಕಾದ್ದು ಪೇಂಟಲ್ಲ.

ರಜೆಯ ಎರಡು ತಿಂಗಳು ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಕಾಂಕ್ರೀಟ್ ಅಥವಾ ಜಲ್ಲಿ ಇರುವ ಕಡೆ ನಿಲ್ಲಿಸಿ. ನಿಲ್ಲಿಸುವ ದಿನ ಬ್ರೇಕಿನ ಏರ್ ಟ್ಯಾಂಕಿನಲ್ಲಿ ಕೂತ ನೀರು ಬಿಟ್ಟುಬಿಡಿ.

ನನ್ನ ಗಾಡಿಯಲ್ಲಿ ಹಿಂದಿನ ಕ್ರಾಸ್ ಮೆಂಬರ್ ಒಂದೇ ಮತ್ತೆಮತ್ತೆ ತೂತಾಗುತ್ತಿತ್ತು. ಮೂರನೇ ಸಲ ಪ್ಯಾಚ್ ಹಾಕಿಸುವಾಗ ಅಡಿಗೆ ಮಲಗಿ ಮೇಲೆ ನೋಡಿದೆ. ಮೀನಿನ ನೀರು ಸಂಗ್ರಹಿಸುವ ಟ್ಯಾಂಕನ್ನು ಖಾಲಿ ಮಾಡುವ ಪೈಪಿನ ಬಾಯಿ ಸರಿಯಾಗಿ ಅದರ ನೆತ್ತಿಯ ಮೇಲೇ ಇತ್ತು. ಒಂದೂವರೆ ಅಡಿ ಪಿವಿಸಿ ಪೈಪ್ ಸೇರಿಸಿ ಬಾಯಿಯನ್ನು ಕೆಳಗೆ ಇಳಿಸಿದೆ.