ಮನೆಗೊಂದೇ ಫೋನ್ ಇರುವಲ್ಲಿ ಮಕ್ಕಳ ಖಾತೆ ತೆರೆಯುವ ಕ್ರಮ

ಸಾಮಾಜಿಕ ಜಾಲತಾಣಗಳಿಗೆ ವಯಸ್ಸಿನ ಮಿತಿ ಹಾಕುವ ಕಾನೂನುಗಳೆಲ್ಲ ಒಬ್ಬರಿಗೊಂದು ಫೋನ್ ಇದೆ ಎಂಬ ಲೆಕ್ಕದ ಮೇಲೆ ನಿಂತಿವೆ. ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಆ ಲೆಕ್ಕ ಕೂಡುವುದಿಲ್ಲ. ಬೆಳಿಗ್ಗೆ ಅಪ್ಪ ಅಡಿಕೆ ಧಾರಣೆ ನೋಡಿದ ಫೋನೇ ಸಂಜೆ ಶಾಲೆಯ ವಾಟ್ಸ್‌ಆ್ಯಪ್ ಗ್ರೂಪಿನಿಂದ ಹೋಮ್‌ವರ್ಕ್ ಬರೆದುಕೊಳ್ಳುವ ಮಗಳ ಕೈಗೂ, ಊಟವಾದ ಮೇಲೆ ಯಕ್ಷಗಾನ ನೋಡುವ ಅಜ್ಜನ ಕೈಗೂ ಹೋಗುತ್ತದೆ. ಕಂಪನಿಯ ಕಡತದಲ್ಲಿ ಮಾತ್ರ ಈ ಮೂವರೂ ಸೇರಿ ನಲವತ್ತು ದಾಟಿದ ಒಬ್ಬ ಗಂಡಸು. ಹೀಗಿರುವಲ್ಲಿ ಮಕ್ಕಳಿಗಾಗಿ ಮಾಡಿದ ಯಾವ ರಕ್ಷಣೆಯೂ ಮಗುವಿನವರೆಗೆ ಬರುವುದಿಲ್ಲ. ಆದ್ದರಿಂದ ಮೊದಲು ಖಾತೆಗಳನ್ನು ಬೇರೆ ಮಾಡಬೇಕು. ಆಮೇಲೆ, ವಯಸ್ಸಿಗೆ ದಾಖಲೆ ಕೊಡಿ ಎಂದು ಕೇಳಿದಾಗ ಬೇಕಾದಷ್ಟನ್ನೇ ಕೊಡುವುದನ್ನು ರೂಢಿಸಿಕೊಳ್ಳಬೇಕು.

ಕಾನೂನಿನ ಸ್ಥಿತಿಯನ್ನು ಚಿಕ್ಕದಾಗಿ ಹೇಳುವುದಾದರೆ, ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಅವರ ಮಾಹಿತಿ ಬಳಸುವ ಮುನ್ನ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡವಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಮುಖ್ಯ ಜಾಲತಾಣಗಳಲ್ಲಿ ಖಾತೆಯನ್ನೇ ನಿಷೇಧಿಸಿದೆ. ಮಿತಿ ಬೇಕು ಎನ್ನುವವರ ಆತಂಕ ಸುಳ್ಳಲ್ಲ, ಆದರೆ ಮಕ್ಕಳು ಯಾರೆಂದು ಗುರುತಿಸಲು ಹೊರಟರೆ ದೊಡ್ಡವರೂ ತಾವು ದೊಡ್ಡವರೆಂದು ರುಜುವಾತು ಕೊಡಬೇಕಾಗುತ್ತದೆ ಎಂಬ ತೊಡಕನ್ನು ಅವರು ಹಗುರವಾಗಿ ನೋಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ.

ಖಾತೆ ಬೇರೆ ಮಾಡುವಾಗ ಅಪ್ಪನ ಗೂಗಲ್ ಖಾತೆಯ ಹುಟ್ಟಿದ ದಿನವನ್ನೇ ತಿದ್ದಿ ಮಗಳದನ್ನು ಹಾಕಬೇಡಿ. ಖಾತೆ ನಿರ್ಬಂಧಕ್ಕೆ ಸಿಕ್ಕಿ ಅದರೊಳಗಿನ ಫೋಟೊ, ಸಂಪರ್ಕಗಳೆಲ್ಲ ಅತಂತ್ರವಾಗುವ ಸಂಭವವಿದೆ. ನಮ್ಮಲ್ಲಿ ಬಹಳಷ್ಟು ಖಾತೆಗಳು ಫೋನ್ ಕೊಂಡ ದಿನ ಅಂಗಡಿಯ ಹುಡುಗ ತೆರೆದುಕೊಟ್ಟವು, ಪಾಸ್‌ವರ್ಡ್ ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮೊದಲು ಅದನ್ನು ಬದಲಿಸಿಕೊಳ್ಳಿ. ಪರದೆ ಒಡೆದು ಮೂಲೆ ಸೇರಿದ ಹಳೆಯ ಫೋನ್ ಇದ್ದರೆ ಅದಕ್ಕೆ ಸಿಮ್ ಹಾಕದೆ, ಮಕ್ಕಳ ಖಾತೆಯನ್ನು ಪೋಷಕರು ನೋಡಿಕೊಳ್ಳಲು ಗೂಗಲ್ ಕೊಡುವ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ಮಗುವಿನ ಹೆಸರಿನಲ್ಲಿ ಹೊಸ ಖಾತೆ ತೆರೆದು, ಬೇಕೆಂದಾಗ ಹಾಟ್‌ಸ್ಪಾಟ್ ಕೊಡುವುದು ಎಲ್ಲಕ್ಕಿಂತ ಅಚ್ಚುಕಟ್ಟು. ಯಾವ ಆ್ಯಪ್ ಇಳಿಸಿಕೊಳ್ಳಬಹುದು, ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ನಿಮ್ಮ ಫೋನಿನಿಂದಲೇ ನಿಶ್ಚಯಿಸಬಹುದು. ಹಳೆಯ ಫೋನ್ ಇಲ್ಲದಿದ್ದರೆ ಚಿಕ್ಕ ಮಕ್ಕಳಿಗೆ ಯೂಟ್ಯೂಬ್ ಕಿಡ್ಸ್ ಹಾಕಿಕೊಡಿ, ಫೋನ್‌ಪೇ, ಗೂಗಲ್ ಪೇ ಆ್ಯಪ್‌ಗಳಿಗೆ ಬೀಗ ಹಾಕಿ, ಕೊಡುವ ಮುನ್ನ ಆ ಒಂದು ಆ್ಯಪನ್ನಷ್ಟೇ ಪರದೆಗೆ ಪಿನ್ ಮಾಡಿ (ಪಿನ್ ತೆಗೆಯುವವರೆಗೆ ಬೇರೆ ಆ್ಯಪ್‌ಗೆ ಹೋಗಲಾಗದು).

ಹುಟ್ಟಿದ ವರ್ಷ ನಿಜವೇ ಆಗಿರಲಿ. ಬಹುತೇಕ ಜಾಲತಾಣಗಳು ಕೇಳುವ 13ರ ಗಡಿ ಅಮೆರಿಕದ 1998ರ ಮಕ್ಕಳ ಖಾಸಗಿತನ ಕಾನೂನಿನಿಂದ ಬಂದದ್ದು. ಅದನ್ನು ದಾಟಲು 2000 ಎಂದು ಒತ್ತಿದ ಹತ್ತು ವರ್ಷದ ಹುಡುಗ ಒಳಗೆ ಹೋದದ್ದು ವಯಸ್ಕನಾಗಿ. 13 ತುಂಬಿದವರು ನಿಜ ವರ್ಷ ಕೊಟ್ಟರೆ ಇನ್‌ಸ್ಟಾಗ್ರಾಮ್ ಅವರಿಗೆ ಟೀನ್ ಅಕೌಂಟ್ ಕೊಡುತ್ತದೆ. ಆ ಖಾತೆ ಮೊದಲಿನಿಂದಲೇ ಖಾಸಗಿಯಾಗಿರುತ್ತದೆ, ಅಪರಿಚಿತರು ಸಂದೇಶ ಕಳಿಸಲಾಗದು, 16 ತುಂಬುವವರೆಗೆ ಈ ಕಟ್ಟು ಸಡಿಲಿಸಲು ಪೋಷಕರ ಅನುಮತಿ ಬೇಕು. ಸುಳ್ಳು ವರ್ಷ ಹಾಕಿದರೆ ಇದಾವುದೂ ಇಲ್ಲ.

ಮಗು ಎಲ್ಲಿದೆ ಎಂದು ತೋರಿಸುವ ಸೌಲಭ್ಯವೂ ಫ್ಯಾಮಿಲಿ ಲಿಂಕ್‌ನಲ್ಲಿದೆ. ಮಳೆಗಾಲದಲ್ಲಿ ಕೊನೆಯ ಬಸ್ಸಿಳಿದು ಕತ್ತಲಲ್ಲಿ ನಡೆದು ಬರುವ ಮಕ್ಕಳ ಮನೆಯವರಿಗೆ ಅದರ ಬೆಲೆ ಗೊತ್ತು, ಸಿಗ್ನಲ್ ಸಿಕ್ಕರೆ ಎಂಬುದು ಬೇರೆ ಮಾತು. ಆದರೆ ಶಿವಮೊಗ್ಗದ ಹಾಸ್ಟೆಲ್‌ನಲ್ಲಿ ಪಿಯುಸಿ ಓದುವ ಮಗನ ಚುಕ್ಕೆಯನ್ನು ಗಂಟೆಗೊಮ್ಮೆ ನಕ್ಷೆಯಲ್ಲಿ ಹುಡುಕುವುದು ಕಾಳಜಿಯಲ್ಲ, ಕಾವಲು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕಿನಲ್ಲಿ ಮಕ್ಕಳ ಪಾಲೂ ಇದೆ. ಏನನ್ನು ನೋಡುತ್ತೇವೆ, ಏನನ್ನು ನೋಡುವುದಿಲ್ಲ ಎಂಬುದನ್ನು ಮಗುವಿಗೆ ಮೊದಲೇ ತಿಳಿಸಿ.

ಇನ್ನು ದಾಖಲೆಯ ವಿಷಯ. ಆಧಾರ್ ಪ್ರತಿ ಕೇಳುವ ಕಡೆಯಲ್ಲೆಲ್ಲ ಕೊಟ್ಟು ನಮಗೆ ಅಭ್ಯಾಸವಾಗಿಬಿಟ್ಟಿದೆ. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನವೋದಯ ಪರೀಕ್ಷೆಯ ಅರ್ಜಿಗೆಂದು ಮಗುವಿನ ಆಧಾರ್ ಪಿಡಿಎಫ್ ತೆರೆದರೆ ಅದು ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಊರಿನ ಅರ್ಧ ಮಕ್ಕಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ನಡುವೆ ಕುಳಿತುಬಿಡುತ್ತದೆ. ಪ್ರಿಂಟ್ ಆದ ಕೂಡಲೇ ಅಲ್ಲಿಯೇ ನಿಂತು ಅದನ್ನು ಅಳಿಸಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆಸಿ, ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ನಿಮ್ಮ ಫೋನಿನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಲಾಗ್ ಔಟ್ ಮಾಡಿ. ಪೂರ್ತಿ ಸಂಖ್ಯೆ ಬೇಡದ ಕಡೆ ಮಾಸ್ಕ್ಡ್ ಆಧಾರ್ ಕೊಡಿ; ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಹೆಸರು, ಫೋಟೊ ಅದರಲ್ಲೂ ಇರುತ್ತವೆ ಎಂಬುದು ನೆನಪಿರಲಿ.

ಜಾಲತಾಣವೇ ವಯಸ್ಸಿಗೆ ಪುರಾವೆ ಕೇಳಿದರೆ ಆತುರ ಬೇಡ. ಆ ಖಾತೆ ನಿಜಕ್ಕೂ ಬೇಕೇ ಎಂಬುದು ಮೊದಲ ಪ್ರಶ್ನೆ. ಕೊಟ್ಟ ಚಿತ್ರವನ್ನು ಯಾರು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ಎರಡನೆಯದು. 2025ರಲ್ಲಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನ ಬಳಕೆದಾರರಲ್ಲಿ ಸುಮಾರು 70,000 ಮಂದಿಯ ಗುರುತಿನ ಚೀಟಿಯ ಚಿತ್ರಗಳು ಹೊರಬಿದ್ದಿರಬಹುದೆಂದು ಕಂಪನಿಯೇ ತಿಳಿಸಿತು. ವಯಸ್ಸಿನ ತಕರಾರು ಇತ್ಯರ್ಥಕ್ಕೆಂದು ಕೊಟ್ಟ ಚೀಟಿಗಳು ಅವು, ಸೋರಿದ್ದು ಹೊರಗುತ್ತಿಗೆ ಸಂಸ್ಥೆಯೊಂದರ ಕಡೆಯಿಂದ. ನಮ್ಮ ನಿಯಮಗಳಲ್ಲಿ ಡಿಜಿಲಾಕರ್‌ನಂಥ ಸೇವೆ ಕೊಡುವ ಟೋಕನ್ (ಚೀಟಿಯ ಬದಲಿಗೆ ಕೊಡುವ ಡಿಜಿಟಲ್ ಸಂಕೇತ) ಮೂಲಕ ಪೋಷಕರ ವಯಸ್ಸು ಖಚಿತಪಡಿಸುವ ದಾರಿಯೂ ಇದೆ. ಆ ಆಯ್ಕೆ ಕಂಡಲ್ಲಿ ಚೀಟಿಯ ಫೋಟೊ ಕಳಿಸುವ ಬದಲು ಅದನ್ನೇ ಆರಿಸಿ. ಬ್ರಿಟನ್ನಿನಲ್ಲಿ 2025ರ ಜುಲೈನಲ್ಲಿ ವಯಸ್ಸಿನ ತಪಾಸಣೆ ಬಿಗಿಯಾದ ಕೂಡಲೇ, ಬೇರೆ ದೇಶದಿಂದ ಬಳಸುತ್ತಿರುವಂತೆ ತೋರಿಸುವ ವಿಪಿಎನ್ ಆ್ಯಪ್ ಇಳಿಸಿಕೊಳ್ಳುವವರು ಹೆಚ್ಚಿದರು. ನಿಮ್ಮ ಮಗುವಿನ ಫೋನಿನಲ್ಲಿ ಹೆಸರೇ ಕೇಳಿರದ ಉಚಿತ ವಿಪಿಎನ್ ಕಂಡರೆ ತೆಗೆದುಹಾಕಿ. ಅದರ ಮೂಲಕ ಹೋಗುವ ಸಂಚಾರವೆಲ್ಲ ಯಾರ ಕೈ ದಾಟುತ್ತಿದೆ ಎಂದು ತಿಳಿಯುವ ಬಗೆಯಿಲ್ಲ.

ವಾಟ್ಸ್‌ಆ್ಯಪ್‌ನ ಪ್ರೈವಸಿ ವಿಭಾಗದಲ್ಲಿ ಪ್ರೊಫೈಲ್ ಫೋಟೊ ಮತ್ತು ಗ್ರೂಪ್ಸ್ ಎರಡನ್ನೂ ಮೈ ಕಾಂಟ್ಯಾಕ್ಟ್ಸ್‌ಗೆ ಬದಲಿಸಿದರೆ ಗೊತ್ತಿಲ್ಲದವರು ಮಗುವನ್ನು ಗ್ರೂಪಿಗೆ ಎಳೆದುಹಾಕುವುದು ತಪ್ಪುತ್ತದೆ. ಶಾಲೆಯ ಹೆಸರಿರುವ ಸಮವಸ್ತ್ರದ ಫೋಟೊವನ್ನು ಸ್ಟೇಟಸ್‌ಗೆ ಹಾಕುವ ದೊಡ್ಡವರಿಗೂ ಇದೇ ಮಾತು.

ಯಾರಾದರೂ ಮಗುವನ್ನು ಬೆದರಿಸುತ್ತಿದ್ದಾರೆ ಎಂದು ತಿಳಿದರೆ ಫೋನ್ ಕಿತ್ತುಕೊಂಡು ಬೈಯಬೇಡಿ, ಸಂದೇಶಗಳನ್ನು ಅಳಿಸಬೇಡಿ. ಚಾಟ್‌ನ ಸ್ಕ್ರೀನ್‌ಶಾಟ್, ಕಳಿಸಿದವರ ಖಾತೆಯ ಹೆಸರು, ದಿನಾಂಕ ಇಟ್ಟುಕೊಳ್ಳಿ. ಮಗುವಿನ ಅಶ್ಲೀಲ ಚಿತ್ರವೇನಾದರೂ ಬಂದಿದ್ದರೆ ಅದನ್ನು ಸಾಕ್ಷಿಗೆಂದು ಕೂಡ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಹಾಗೆ ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ಶೋಷಣೆಯ ದೂರನ್ನು ಹೆಸರು ಹೇಳದೆಯೂ ಸಲ್ಲಿಸಬಹುದು, ಸೈಬರ್ ಅಪರಾಧಗಳನ್ನು ನೋಡುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಗೆ ನೇರವಾಗಿಯೂ ಹೋಗಬಹುದು. ಚಿತ್ರ ಹರಡುವ ಭಯವಿದ್ದರೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಅದು ಚಿತ್ರವನ್ನು ನಿಮ್ಮ ಫೋನಿನಿಂದ ಹೊರಗೆ ಒಯ್ಯದೆ ಅದರ ಸಂಖ್ಯಾರೂಪದ ಗುರುತನ್ನಷ್ಟೇ ಪಡೆದು, ಅದರೊಂದಿಗೆ ಕೈಜೋಡಿಸಿರುವ ಜಾಲತಾಣಗಳಿಗೆ ಕೊಡುತ್ತದೆ.